ಕೊರಗಜ್ಜನಿಗೆ ಕೈ ಮುಗೀತೀವಿ, ಕೊರಗರಿಗೆ?



ಇವತ್ತು ನಾನು ಸ್ಟುಡಿಯೋದಲ್ಲಿಲ್ಲ, ಮಲ್ಪೆ ಬಂದರಿನಲ್ಲಿ ನಿಂತಿದ್ದೀನಿ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದಿವೆ. ನನ್ನ ಹಿಂದೆ ಮೀನು ಇಳಿಸ್ತಾ ಇದ್ದಾರೆ. ಸರಿಯಾಗಿ ನೋಡಿ, ಎಲ್ಲವೂ ಪ್ಲಾಸ್ಟಿಕ್ ಕ್ರೇಟುಗಳು. ನಾನು ಚಿಕ್ಕವನಿದ್ದಾಗ ಈ ಕಡೆ ಮೀನು ಮಾರುವ ಹೆಂಗಸರ ತಲೆ ಮೇಲೆ ಬಿದಿರಿನ ಬುಟ್ಟಿ, ಬಿಳಲಿನ ಬುಟ್ಟಿ ಇರ್ತಿತ್ತು. ಅದನ್ನು ಹೆಣೆಯುತ್ತಿದ್ದವರು ಕೊರಗರು.

ನಮ್ಮ ಮನೆಗೂ ಒಬ್ಬ ಅಜ್ಜಿ ಬುಟ್ಟಿ ತರುತ್ತಿದ್ದಳು. ಅಂಗಳದ ಆಚೆ ನಿಲ್ಲುತ್ತಿದ್ದಳು. ನಮ್ಮಜ್ಜಿ ಬುಟ್ಟಿಯನ್ನು ಒಳಗೆ ತೆಗೆದುಕೊಳ್ಳುತ್ತಿದ್ದರು, ಹೆಣೆದವಳನ್ನು ಒಳಗೆ ಕರೆಯುತ್ತಿರಲಿಲ್ಲ. ಇದು ನೂರು ವರ್ಷದ ಹಿಂದಿನ ಕತೆ ಅಲ್ಲ ಮಾರಾಯ್ರೆ, ನಾನೇ ಕಣ್ಣಾರೆ ಕಂಡದ್ದು. ಆಗ ನಾನು ಏನೂ ಕೇಳಲಿಲ್ಲ. ಅದಕ್ಕೇ ಇವತ್ತು ಕೇಳ್ತಾ ಇದ್ದೀನಿ.

ಆಗಸ್ಟ್ 18ನ್ನು ಕೊರಗರು ಭೂಮಿ ಹಬ್ಬ ಅಂತ ಆಚರಿಸ್ತಾರೆ. ಭೂಮಿಯೇ ಇಲ್ಲದವರು ಭೂಮಿಗೆ ಹಬ್ಬ ಮಾಡ್ತಾರೆ ಅಂದ್ರೆ ಅದು ಬರೀ ಹಬ್ಬ ಅಲ್ಲ, ಸರ್ಕಾರದ ಮುಂದಿಟ್ಟ ಬೇಡಿಕೆ. 1990ರ ದಶಕದಲ್ಲಿ ಬೀದಿಗಿಳಿದು ಅವರು ಕೇಳಿದ್ದೂ ಇದನ್ನೇ. ಆ ಕಾಲದಲ್ಲೇ ಡಾ. ಮಹಮ್ಮದ್ ಪೀರ್ ಅವರು ಕೊರಗರ ಸ್ಥಿತಿಗತಿ ಅಧ್ಯಯನ ಮಾಡಿ ವರದಿ ಕೊಟ್ಟರು. ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಿ ಅಂದರು. ಎಷ್ಟು ಸರ್ಕಾರಗಳು ಬಂದು ಹೋದವು ಲೆಕ್ಕ ಹಾಕಿ. ಆ ಶಿಫಾರಸು ಇವತ್ತಿಗೂ ಪೂರ್ತಿ ಜಾರಿಯಾಗಿಲ್ಲ.

2011ರ ಜನಗಣತಿ ಪ್ರಕಾರ ಇಡೀ ಕರ್ನಾಟಕದಲ್ಲಿ ಕೊರಗರು 15 ಸಾವಿರಕ್ಕಿಂತ ಕಡಿಮೆ. ದೇಶದಲ್ಲಿ 75 ಬುಡಕಟ್ಟುಗಳನ್ನು ವಿಶೇಷವಾಗಿ ದುರ್ಬಲ ಅಂತ ಗುರುತಿಸಿದ್ದಾರೆ. ನಮ್ಮ ರಾಜ್ಯದಿಂದ ಆ ಪಟ್ಟಿಯಲ್ಲಿರೋದು ಎರಡೇ: ಜೇನುಕುರುಬರು ಮತ್ತು ಕೊರಗರು. ಹದಿನೈದು ಸಾವಿರ ಜನರಿಗೆ ಭೂಮಿ ಹುಡುಕೋಕೆ ಒಂದು ರಾಜ್ಯಕ್ಕೆ ಇಷ್ಟು ವರ್ಷ ಬೇಕಾ?

ಇನ್ನೊಂದು ಕಾನೂನಿದೆ. 2000ನೇ ಇಸವಿಯಲ್ಲಿ ವಿಧಾನಸಭೆ ಅಜಲು ಪದ್ಧತಿ ನಿಷೇಧ ಕಾಯ್ದೆ ತಂದಿತು. ಅಜಲು ಅಂದ್ರೆ ಏನು ಅಂತ ಆ ಕಾಯ್ದೆಯಲ್ಲೇ ಬರೆದಿದೆ. ಊಟದಲ್ಲಿ ಕೂದಲು, ಉಗುರು ಬೆರೆಸಿ ಕೊರಗರಿಗೆ ತಿನ್ನಲು ಕೊಡೋದು. ಕಂಬಳ ಶುರುವಾಗುವ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸೋದು. ಇಂಥದ್ದನ್ನು ಮಾಡಬಾರದು ಅಂತ ಹೇಳೋಕೆ ಸ್ವತಂತ್ರ ಭಾರತಕ್ಕೆ ಐವತ್ತಮೂರು ವರ್ಷ ಬೇಕಾಯ್ತು. ಅದೂ ಬುದ್ಧಿವಂತರ ಜಿಲ್ಲೆ ಅಂತ ಬೆನ್ನು ತಟ್ಟಿಕೊಳ್ಳುವ ನಮ್ಮ ಕರಾವಳಿಗೋಸ್ಕರ.

ಸರಿ, ಕಾನೂನು ಬಂತು. ನ್ಯಾಯ ಬಂತಾ? 2021ರ ಡಿಸೆಂಬರ್ 27ರ ರಾತ್ರಿ ನೆನಪು ಮಾಡ್ಕೊಳ್ಳಿ. ಇಲ್ಲಿಂದ ಹೆಚ್ಚು ದೂರ ಇಲ್ಲದ ಕೋಟತಟ್ಟು. ಕೊರಗರ ಮನೆಯಲ್ಲಿ ಮದುವೆಯ ಮೆಹಂದಿ. ಡಿಜೆ ಸದ್ದು ಜಾಸ್ತಿ ಆಯ್ತು ಅಂತ ಪೊಲೀಸರು ಬಂದರು, ಲಾಠಿ ಬೀಸಿದರು. ಮದುಮಗನಿಗೂ ಏಟು ಬಿತ್ತು. ಎಸ್‌ಐ ಅಮಾನತಾದರು. ಆಮೇಲೆ ಏಟು ತಿಂದವರ ಮೇಲೆಯೇ ಕರ್ತವ್ಯಕ್ಕೆ ಅಡ್ಡಿ ಅಂತ ಕೇಸು ಬಿತ್ತು! ಗಲಾಟೆಯಾದ ಮೇಲೆ ತನಿಖೆ ಸಿಐಡಿಗೆ ಹೋಯಿತು. ಸದ್ದು ಜಾಸ್ತಿ ಆದ್ರೆ ಕಡಿಮೆ ಮಾಡಿ ಅನ್ನಬಹುದಿತ್ತು. ಊರಿನ ದೊಡ್ಡವರ ಮದುವೆ ಮನೆಗೆ ಹೀಗೆ ಲಾಠಿ ಹಿಡಿದು ನುಗ್ತಿದ್ರಾ? ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು.

ಇಲ್ಲಿ ನಮ್ಮ ತಪ್ಪೂ ಇದೆ. ಆ ವಾರ ನಾವು ಚಾನೆಲ್‌ನವರು ಗಂಟಲು ಹರಿಯುವ ಹಾಗೆ ಕೂಗಿದೆವು. ಮುಂದಿನ ವಾರ ಬೇರೆ ವಿಷಯ ಸಿಕ್ತು, ಮರೆತೆವು. ನಾನೂ ಮರೆತೆ.

ನಾನು ಓದಿದ್ದು ಎಂಜಿನಿಯರಿಂಗ್. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಿರುಕು ಬಿಟ್ಟರೆ ತೇಪೆ ಹಾಕಬೇಡ, ಡಿಸೈನ್ ನೋಡು ಅಂತ ನಮಗೆ ಕಲಿಸಿದ್ದರು. ಇಲ್ಲಿನ ಡಿಸೈನ್ ನೋಡಿ. 1996ರ ಪೆಸಾ ಕಾಯ್ದೆ ಬುಡಕಟ್ಟು ಗ್ರಾಮಸಭೆಗಳಿಗೆ ನಿಜವಾದ ಅಧಿಕಾರ ಕೊಡುತ್ತೆ. ಆದರೆ ಅದು ಅನ್ವಯ ಆಗೋದು ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಿಗೆ ಮಾತ್ರ. ಕರ್ನಾಟಕದಲ್ಲಿ ಅಂಥ ಪ್ರದೇಶ ಒಂದೂ ಇಲ್ಲ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಗ್ರಾಮಸಭೆಗಳನ್ನೇ ಕೇಳಿ ಅಂದಿತು. ಅರಣ್ಯ ಹಕ್ಕು ಕಾಯ್ದೆಯ ಬಲದಿಂದ ಹನ್ನೆರಡು ಗ್ರಾಮಸಭೆಗಳು ಗಣಿಗಾರಿಕೆ ಬೇಡ ಅಂದವು, ಗಣಿ ನಿಂತಿತು. ಅಲ್ಲಿ ಜನ ಒಟ್ಟಾಗಿ ಒಂದೇ ಬೆಟ್ಟದಲ್ಲಿದ್ದರು. ನಮ್ಮ ಕೊರಗರು ಒಂದೊಂದು ಊರಿನ ಅಂಚಿನಲ್ಲಿ ನಾಲ್ಕು, ಐದು ಮನೆಗಳಾಗಿ ಚದುರಿ ಹೋಗಿದ್ದಾರೆ. ಅವರ ಮಾತಿಗೆ ಬಹುಮತ ಯಾವ ಪಂಚಾಯಿತಿಯಲ್ಲಿ ಸಿಗುತ್ತೆ? ಎಸ್‌ಟಿ ಮೀಸಲಾತಿ 2022ರಲ್ಲಿ ಶೇ 3ರಿಂದ 7ಕ್ಕೆ ಏರಿತು, ಸಂತೋಷ. ಆದರೆ ಅದೇ ಪಟ್ಟಿಯಲ್ಲಿ ಲಕ್ಷಗಟ್ಟಲೆ ಜನರಿರುವ ಸಮುದಾಯಗಳ ಜೊತೆ ಈ ಹದಿನೈದು ಸಾವಿರ ಮಂದಿ ಸ್ಪರ್ಧಿಸಬೇಕು. ಎಂ.ಎ., ಬಿ.ಎಡ್. ಓದಿದ ಹುಡುಗ ಕೆಲಸವಿಲ್ಲದೆ ಮತ್ತೆ ಬುಟ್ಟಿಗೇ ಬರಬೇಕಾ? ಆ ಬುಟ್ಟಿಯ ಜಾಗವನ್ನೂ ಪ್ಲಾಸ್ಟಿಕ್ ತಿಂದಾಗಿದೆ.

2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಿಎಂ ಜನಮನ್ ಅಂತ 24 ಸಾವಿರ ಕೋಟಿಯ ಯೋಜನೆ ತಂದಿತು. ಮನೆ, ರಸ್ತೆ, ನೀರು ಬರಲಿ, ಬೇಡ ಅಂದವರು ಯಾರು? ಆದರೆ ಮನೆ ಕಟ್ಟೋಕೆ ಮೊದಲು ಹಕ್ಕುಪತ್ರ ಇರುವ ಜಾಗ ಬೇಕಲ್ವಾ? ಆ ಜಾಗ ಎಲ್ಲಿರಬೇಕು ಅಂತ ಹೇಳುವ ಸಭೆಯಲ್ಲಿ ಅವರಿಗೊಂದು ಕುರ್ಚಿಯೂ ಬೇಕಲ್ವಾ? ಅವರು ಕೇಳ್ತಿರೋದು ಕರುಣೆ ಅಲ್ಲ, ತಮ್ಮ ವಿಷಯದಲ್ಲಿ ತೀರ್ಮಾನ ತೆಗೆದುಕೊಳ್ಳುವ ಹಕ್ಕು.

ಕೊನೆಯ ಮಾತು. ಮೊಬೈಲ್ ಕಳೆದುಹೋದ್ರೆ ನಾವು ಕೊರಗಜ್ಜನಿಗೆ ಹರಕೆ ಹೇಳ್ತೀವಿ. ಚಕ್ಕುಲಿ, ಬೀಡ ಇಡ್ತೀವಿ. ಕಾರಿನ ಗಾಜಿನ ಮೇಲೆ ಅಜ್ಜನ ಹೆಸರು ಬರೆಸ್ತೀವಿ. ಅಜ್ಜನನ್ನು ನಂಬೋದು ತಪ್ಪಲ್ಲ, ನಾನೂ ನಂಬ್ತೀನಿ. ಆದರೆ ಅಜ್ಜನ ಜನಕ್ಕೇ ಒಂದು ವಸ್ತು ಕಳೆದುಹೋಗಿದೆ. ಅದು ಈ ಮಣ್ಣು. ಅದನ್ನು ಹುಡುಕಿ ಕೊಡೋದು ದೈವದ ಕೆಲಸ ಅಲ್ಲ, ತಹಶೀಲ್ದಾರರ ಕೆಲಸ, ಸರ್ಕಾರದ ಕೆಲಸ. ಕೊಟ್ಟಿದ್ದಾರಾ ಇಲ್ವಾ ಅಂತ ಕೇಳ್ತಾ ಇರೋದು ನಿಮ್ಮ, ನನ್ನ ಕೆಲಸ.

ಮುಂದಿನ ಆಗಸ್ಟ್ 18ಕ್ಕೆ ಇದೇ ಪ್ರಶ್ನೆ ಹಿಡ್ಕೊಂಡು ಬರ್ತೀನಿ. ನಾನು ಮರೆತ್ರೆ ನೀವು ನೆನಪಿಸಿ.