ಗಾಡಿಯ ಕೀಲು ಮತ್ತು ಅದರ ರಬ್ಬರಿನ ಹೊದಿಕೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ತಾವು ಸಾಹಿತ್ಯದ ಮಾತುಗಳನ್ನೂ ಶರಣರ ವಿಚಾರಗಳನ್ನೂ ಕೇಳುತ್ತ ಬಂದವರು. ಇಂತಹ ಸ್ಥಳದಲ್ಲಿ ನಿಂತು ಹರಿದ ರಬ್ಬರಿನ ವಿಷಯವನ್ನು ಎತ್ತುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಇಲ್ಲಿ ಕುಳಿತವರ ಪೈಕಿ ಎಷ್ಟೋ ಮನೆಗಳು ಒಂದು ಹಳೆಯ ಬಾಡಿಗೆ ಗಾಡಿಯ ಗಳಿಕೆಯನ್ನು ನಂಬಿಕೊಂಡಿವೆ. ಚಾದರದ ಗಂಟು, ಜೋಳ ತೊಗರಿಗಳ ಚೀಲ, ಮದುವೆಯ ಸಾಮಾನು ಎಲ್ಲವೂ ಅದರ ಬೆನ್ನಿನ ಮೇಲೆಯೇ ಸಾಗಬೇಕು. ಆ ಗಾಡಿ ಎಂಟು ದಿನ ನಿಂತರೆ ಮನೆಯ ಲೆಕ್ಕವೆಲ್ಲ ತಪ್ಪುತ್ತದೆ. ಆದ್ದರಿಂದ ಈ ವಿಷಯವನ್ನು ತಮ್ಮ ಮುಂದಿಡಲು ಸಂಕೋಚಪಡುವುದಿಲ್ಲ.

ನಮ್ಮ ಹಿರಿಯರು ಚಕ್ಕಡಿ ಹೂಡುವ ಮೊದಲು ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಎಣ್ಣೆ ಒಣಗಿದರೆ ಗಾಲಿ ಕಿರುಗುಟ್ಟಿ ತಾನಾಗಿ ಹೇಳುತ್ತಿತ್ತು. ಇಂದಿನ ಗಾಡಿಯ ಕೀಲು ಹಾಗಲ್ಲ. ಅದು ಮುಚ್ಚಿದ ಕೀಲು. ಅದು ಕೂಗುವ ಹೊತ್ತಿಗೆ ಬಹುಮಟ್ಟಿಗೆ ಕೆಟ್ಟೇ ಹೋಗಿರುತ್ತದೆ.

ಈ ಕೀಲು ಎಲ್ಲ ಗಾಡಿಗಳಲ್ಲಿಯೂ ಇರುವುದಿಲ್ಲ. ಹೆದ್ದಾರಿಯಲ್ಲಿ ಓಡುವ ದೊಡ್ಡ ಲಾರಿಗಳಲ್ಲಿ ಇಂಜಿನ್ನಿನ ಶಕ್ತಿ ಒಂದು ಉದ್ದನೆಯ ದಂಡದ ಮೂಲಕ ಹಿಂದಿನ ಗಾಲಿಗಳಿಗೆ ಹೋಗುತ್ತದೆ. ಆ ದಂಡದ ತುದಿಗಳಲ್ಲಿ ಶಿಲುಬೆಯಾಕಾರದ ಕೀಲುಗಳಿವೆ. ಆದರೆ ಮುಂದಿನ ಗಾಲಿಗಳೇ ಎಳೆಯುವ ಗಾಡಿಗಳು ಬೇರೆ. ಒಂದು ಕಾಲಕ್ಕೆ ನಮ್ಮ ಊರುಗಳಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ಮಟಾಡೋರಿನ ಮುಂಗಾಲಿ ಚಾಲನೆಯ ಮಾದರಿ, 1983ರಲ್ಲಿ ಹೊರಬಂದ ಮಾರುತಿ 800 ಇವೆಲ್ಲ ಆ ಜಾತಿಗೆ ಸೇರಿದವು. ಇವುಗಳಲ್ಲಿ ಒಂದೇ ಗಾಲಿ ಎರಡು ಕೆಲಸ ಮಾಡಬೇಕು: ಗಾಡಿಯನ್ನು ಎಳೆಯಲೂಬೇಕು, ತಿರುವಿನಲ್ಲಿ ಹೊರಳಲೂಬೇಕು. ಶಿಲುಬೆಯಾಕಾರದ ಒಂಟಿ ಕೀಲನ್ನು ಹೆಚ್ಚು ಬಾಗಿಸಿದರೆ ಗಾಲಿ ಪ್ರತಿ ಸುತ್ತಿನಲ್ಲಿಯೂ ಎರಡು ಸಲ ವೇಗವಾಗಿ, ಎರಡು ಸಲ ನಿಧಾನವಾಗಿ ತಿರುಗಿ ಅದುರುತ್ತದೆ. ಈ ದೋಷವನ್ನು ನೀಗಲು 1920ರ ದಶಕದಲ್ಲಿ ಆಲ್ಫ್ರೆಡ್ ಝೆಪ್ಪ ಎಂಬ ಇಂಜಿನಿಯರು ಆರು ಉಕ್ಕಿನ ಗುಂಡುಗಳನ್ನು ಕಾಲುವೆಯಂತಹ ಗೀರುಗಳಲ್ಲಿ ಕೂರಿಸಿ ಒಂದು ಹೊಸ ಕೀಲನ್ನು ರಚಿಸಿದನು. ಅದು ಎಷ್ಟು ಬಾಗಿದರೂ ಒಂದೇ ಸಮನೆ ತಿರುಗುತ್ತದೆ. ಅದನ್ನೇ ಗ್ಯಾರೇಜಿನಲ್ಲಿ ಸಿ.ವಿ. ಜಾಯಿಂಟ್ ಎನ್ನುತ್ತಾರೆ.

ಗುಂಡುಗಳು ಸವೆಯದಂತೆ ಅದರೊಳಗೆ ಕಪ್ಪು ಗ್ರೀಸು ತುಂಬಿರುತ್ತದೆ. ಗ್ರೀಸು ಹೊರಬೀಳದಂತೆ, ಧೂಳು ಒಳಸೇರದಂತೆ ಮೇಲೊಂದು ರಬ್ಬರಿನ ಹೊದಿಕೆ. ಕಮ್ಮಾರನ ತಿದಿಯಂತೆ ನೆರಿಗೆ ನೆರಿಗೆಯಾದ ಈ ಹೊದಿಕೆಗೆ ಆಕ್ಸಲ್ ಬೂಟು ಎಂದು ಹೆಸರು. ಇದರ ಬೆಲೆ ಕೀಲಿನ ಬೆಲೆಯ ಮುಂದೆ ಅತ್ಯಲ್ಪ. ಆದರೆ ಕೀಲಿನ ಆಯುಷ್ಯವೆಲ್ಲ ಇದರ ಕೈಯಲ್ಲಿದೆ. ಬಿಸಿಲು, ವಯಸ್ಸು, ಚುಚ್ಚಿದ ಕಲ್ಲು ಇವುಗಳಿಂದ ನೆರಿಗೆಯಲ್ಲಿ ಬಿರುಕು ಬೀಳುತ್ತದೆ. ತಿರುಗುವ ವೇಗಕ್ಕೆ ಗ್ರೀಸು ಹೊರಗೆ ಸಿಡಿಯುತ್ತದೆ. ನಮ್ಮ ಎರೆಭೂಮಿಯ ಧೂಳು, ಮಳೆಗಾಲದ ಕೆಸರು ಒಳಹೊಕ್ಕು ಗುಂಡುಗಳನ್ನು ಮಸೆಯತೊಡಗುತ್ತವೆ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ನಮ್ಮ ತಂದೆಯವರಲ್ಲಿ ಮುಂದಿನ ಗಾಲಿಗಳು ಎಳೆಯುವ ಒಂದು ಹಳೆಯ ಸಾಮಾನು ಗಾಡಿಯಿತ್ತು. ಪ್ರತಿ ರವಿವಾರ ಅದನ್ನು ತೊಳೆಯುವುದು ನನ್ನ ಕೆಲಸ. ಒಂದು ರವಿವಾರ ಎಡಗಾಲಿಯ ಒಳಬದಿಯಲ್ಲಿ ಕಪ್ಪಾದ ಜಿಡ್ಡನ್ನು ಕಂಡೆನು. ಸೀಮೆಎಣ್ಣೆಯ ಬಟ್ಟೆಯಿಂದ ತಿಕ್ಕಿ ಒರೆಸಿದೆನು. ಮುಂದಿನ ವಾರವೂ ಜಿಡ್ಡು ಬಂದಿತ್ತು, ಮತ್ತೆ ಒರೆಸಿದೆನು. ನಾಲ್ಕು ವಾರ ಹೀಗೆ ಒರೆಸಿ, ಗಾಲಿಯನ್ನು ಎಷ್ಟು ಚೊಕ್ಕಟವಾಗಿ ಇಟ್ಟೆನೆಂದು ಹಿಗ್ಗಿದೆನು. ತಂದೆಯವರಿಗೆ ಒಂದು ಮಾತನ್ನೂ ಹೇಳಲಿಲ್ಲ.

ಸಂಕ್ರಾಂತಿ ಸಮೀಪಿಸಿತ್ತು. ಗಡ್ಡಾ ಯಾತ್ರೆಯ ದಿನಗಳಾದುದರಿಂದ ಬಾಡಿಗೆಗೆ ಬಿಡುವಿರಲಿಲ್ಲ. ತಿರುವುಗಳಲ್ಲಿ ಗಾಲಿಯ ಕಡೆಯಿಂದ ಟಕಟಕ ಸದ್ದು ಬರುತ್ತಿದ್ದರೂ ಯಾತ್ರೆ ಮುಗಿಯಲೆಂದು ತಂದೆಯವರು ಸುಮ್ಮನಾದರು. ಒಂದು ರಾತ್ರಿ ಕಲಬುರಗಿಯ ವರ್ತಕರಿಗೆ ಚಾದರ ತುಂಬಿಕೊಂಡು ಅಕ್ಕಲಕೋಟೆಯ ಹಾದಿ ಹಿಡಿದಿದ್ದೆವು. ವಳಸಂಗ ದಾಟಿದ ಮೇಲೆ ದೊಡ್ಡ ಸದ್ದಾಯಿತು. ಇಂಜಿನ್ನು ಓಡುತ್ತಿತ್ತು, ಗೇರು ಬೀಳುತ್ತಿತ್ತು. ಗಾಡಿ ಮಾತ್ರ ಮುಂದೆ ಸರಿಯಲೊಲ್ಲದು. ಕೀಲು ಮುರಿದಮೇಲೆ ಗೇರು ಗಾಡಿಯನ್ನು ಹಿಡಿದು ನಿಲ್ಲಿಸಲೂ ಆರದು. ಇಳಿಜಾರಿನಲ್ಲಿ ಹಿಂದೆ ಸರಿಯತೊಡಗಿದ ಗಾಡಿಗೆ ಕತ್ತಲಲ್ಲಿ ಕಲ್ಲು ಹುಡುಕಿ ಕೊಟ್ಟು ನಿಲ್ಲಿಸಿದೆವು.

ಮರುದಿನ ಮೇಸ್ತ್ರಿ ಬಿಚ್ಚಿ ನೋಡಿ, "ಯಜಮಾನ್ರ, ಈ ರಬ್ಬರ ಹರಿದು ತಿಂಗಳ ಮ್ಯಾಲಾಗೇತಿ. ಗಾಲಿ ಒಳಗ ಗ್ರೀಸ್ ಸಿಡಿದದ್ದು ಯಾರೂ ನೋಡಲಿಲ್ಲೇನ್ರಿ?" ಎಂದನು. ತಂದೆಯವರು ಇಲ್ಲವೆಂದರು. ನಾನು ತಲೆ ತಗ್ಗಿಸಿ ನಿಂತೆನು. ಕೀಲಿಗೆ ಹಣ ಹೊಂದಿಸಲು ತಾಯಿಯ ಪಾಟಲಿಗಳು ಒತ್ತೆ ಹೋದವು. ಕಪ್ಪು ಜಿಡ್ಡಿನ ಸಂಗತಿಯನ್ನು ತಂದೆಯವರಿಗೆ ಹೇಳಲು ನನಗೆ ಮೂರು ವರ್ಷ ಬೇಕಾಯಿತು.

ಇನ್ನು ದುರಸ್ತಿಯ ಕ್ರಮವನ್ನು ಹೇಳುತ್ತೇನೆ. ಬೂಟು ಗಟ್ಟಿಯಿದ್ದು ಅದರ ಪಟ್ಟಿ ಮಾತ್ರ ಸಡಿಲಾಗಿದ್ದರೆ, ಸ್ವಚ್ಛಗೊಳಿಸಿ ಹೊಸ ಪಟ್ಟಿ ಬಿಗಿದರೆ ಸಾಕು. ಬೂಟು ಹರಿದಿದ್ದು ಸದ್ದಿಲ್ಲದಿದ್ದರೆ, ಬೂಟನ್ನು ಬದಲಿಸಿ ಕೀಲನ್ನು ಉಳಿಸಿಕೊಳ್ಳಬಹುದು. ಪೂರ್ತಿ ತಿರುವಿನಲ್ಲಿ ಟಕಟಕ ಸದ್ದು ಕೇಳಿಸಿದರೆ ಗಾಲಿಯ ಬದಿಯ ಕೀಲು ಸವೆದಿದೆಯೆಂದೂ, ವೇಗ ಹೆಚ್ಚಿಸುವಾಗ ಗಾಡಿ ನಡುಗಿದರೆ ಗೇರ್‌ಬಾಕ್ಸಿನ ಬದಿಯ ಕೀಲನ್ನು ಪರೀಕ್ಷಿಸಬೇಕೆಂದೂ ತಿಳಿಯಬೇಕು. ಸವೆದ ಕೀಲಿಗೆ ಹೊಸ ಬೂಟು ತೊಡಿಸಿ ಪ್ರಯೋಜನವಿಲ್ಲ.

ಗಾಡಿ ನೆಲದ ಮೇಲೆ ನಿಂತಿರುವಾಗಲೇ ಗಾಲಿಯ ನಡುವಿನ ದೊಡ್ಡ ನಟ್ಟನ್ನು ಸಡಿಲಿಸಬೇಕು. ಅನಂತರ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜ್ಯಾಕಿನಿಂದ ಎತ್ತಿ, ಕೆಳಗೆ ಗಟ್ಟಿಯಾದ ಆಸರೆ ಇಡಬೇಕು. ಜ್ಯಾಕೊಂದನ್ನೇ ನಂಬಿ ಗಾಡಿಯ ಕೆಳಗೆ ಯಾರೂ ನುಸುಳಬಾರದು. ಇದನ್ನು ಕೈಮುಗಿದು ಹೇಳುತ್ತೇನೆ. ದಂಡವನ್ನು ಹೊರತೆಗೆಯುವಾಗ ಗೇರ್‌ಬಾಕ್ಸಿನ ಎಣ್ಣೆ ಸುರಿಯಬಹುದು. ಕೆಳಗೊಂದು ಪಾತ್ರೆಯಿರಲಿ, ಕೆಲಸ ಮುಗಿದ ಮೇಲೆ ಎಣ್ಣೆಯ ಮಟ್ಟ ನೋಡಿ ತುಂಬಿಸಬೇಕು. ಕೀಲನ್ನು ಸೀಮೆಎಣ್ಣೆಯಲ್ಲಿ ಮರಳಿನ ಕಣವೂ ಉಳಿಯದಂತೆ ತೊಳೆದು ಒಣಗಿಸಬೇಕು. ಗುಂಡುಗಳಲ್ಲಿ, ಗೀರುಗಳಲ್ಲಿ ಕುಳಿ ಬಿದ್ದಿದ್ದರೆ ಆ ಕೀಲನ್ನು ಬಿಡಬೇಕು. ಚೆನ್ನಾಗಿದ್ದರೆ ಆ ಕೀಲಿಗೆಂದೇ ಮಾಡಿದ ಗ್ರೀಸನ್ನು ಹೇಳಿದಷ್ಟೇ ಪ್ರಮಾಣದಲ್ಲಿ ತುಂಬಬೇಕು. ಹೊಸ ಬೂಟು ತಿರುಚದಂತೆ ಕೂರಿಸಿ, ಒಳಗೆ ಸಿಕ್ಕಿದ ಗಾಳಿಯನ್ನು ಹೊರಬಿಟ್ಟು, ಪಟ್ಟಿಗಳನ್ನು ಬಿಗಿಯಬೇಕು. ದೊಡ್ಡ ನಟ್ಟನ್ನು ತಯಾರಕರು ಹೇಳಿದ ಬಿಗಿತಕ್ಕೇ ಬಿಗಿಯಬೇಕು. ಸಿಡಿದ ಗ್ರೀಸು ಬ್ರೇಕಿನ ಮೇಲೆ ಬಿದ್ದಿದೆಯೇ ಎಂದು ನೋಡಲು ಮರೆಯಬಾರದು.

ಹರಿದ ಬೂಟಿಗೆ ಟೇಪು ಸುತ್ತುವವರಿದ್ದಾರೆ. ಜಿಡ್ಡಿಗೆ ಅಂಟು ಹಿಡಿಯುವುದಿಲ್ಲ. ಕ್ಷಣಕ್ಷಣಕ್ಕೂ ಬಾಗುವ ರಬ್ಬರಿನ ಮೇಲೆ ಅದು ನಿಲ್ಲುವುದೂ ಇಲ್ಲ. ಗ್ಯಾರೇಜಿನವರೆಗೆ ತಲುಪಲು ಅದು ಉಪಾಯವಾದೀತೇ ಹೊರತು ದುರಸ್ತಿಯಾಗಲಾರದು.

ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎಂದು ನಮ್ಮ ಗಾದೆ ಕೇಳುತ್ತದೆ. ತಿಂಗಳಿಗೊಮ್ಮೆ, ವಿಶೇಷವಾಗಿ ಮಳೆಗಾಲಕ್ಕೆ ಮೊದಲು, ಗಾಲಿಯನ್ನು ಪೂರ್ತಿ ಹೊರಳಿಸಿ, ಬ್ಯಾಟರಿ ದೀಪ ಹಿಡಿದು ಬೂಟಿನ ನೆರಿಗೆಗಳನ್ನು ನೋಡಬೇಕು. ಇದಕ್ಕೆ ಐದು ನಿಮಿಷ ಸಾಕು. ಈ ಕೆಲಸ ಮನೆಯ ಮಕ್ಕಳಿಗೂ ಸಾಧ್ಯ. ಗಾಡಿ ತೊಳೆಯುವ ಹುಡುಗರಿಗೆ ನನ್ನದೊಂದೇ ವಿನಂತಿ: ಕಪ್ಪು ಜಿಡ್ಡು ಕಂಡರೆ ಒರೆಸುವ ಮೊದಲು ಹಿರಿಯರನ್ನು ಕರೆದು ತೋರಿಸಿರಿ. ಹಿರಿಯರಿಗೂ ಒಂದು ವಿನಂತಿ: ಹುಡುಗರು ಕರೆದಾಗ, ಬಾಡಿಗೆಯ ಅವಸರವಿದ್ದರೂ, ಬಂದು ನೋಡಿರಿ.