ಸನ್ನಿಧಿಯ ಹನ್ನೆರಡು ರೊಟ್ಟಿಗಳು

ರೋಮ್ ನಗರದ ಹಳೆಯ ಫೋರಂ ಬಯಲಿನ ಒಂದು ತುದಿಯಲ್ಲಿ ಚಕ್ರವರ್ತಿ ಟೈಟಸ್‌ನ ಹೆಸರಿನ ಕಲ್ಲಿನ ಕಮಾನು ನಿಂತಿದೆ. ಕ್ರಿ.ಶ. 81ರಲ್ಲಿ ಟೈಟಸ್ ತೀರಿಕೊಂಡ ಬಳಿಕ ಅವನ ತಮ್ಮ ಡೊಮಿಷಿಯನ್ ಅದನ್ನು ಕಟ್ಟಿಸಿದ. ಕಮಾನಿನ ಒಳಮೈಯಲ್ಲಿ ಒಂದು ಉಬ್ಬುಶಿಲ್ಪವಿದೆ. ಜೆರುಸಲೇಮಿನ ದೇವಾಲಯದಿಂದ ದೋಚಿ ತಂದ ವಸ್ತುಗಳನ್ನು ಹೊತ್ತು ರೋಮನ್ನರು ಮೆರವಣಿಗೆ ಹೊರಟಿದ್ದಾರೆ. ಏಳು ಕವಲಿನ ದೀಪಸ್ತಂಭವನ್ನು ನೋಡಿದವರೆಲ್ಲ ಗುರುತಿಸುತ್ತಾರೆ. ಅದರ ಮುಂದೆ ಸಾಗುತ್ತಿರುವ ಇನ್ನೊಂದು ವಸ್ತುವಿನ ಕಡೆಗೆ ಹೆಚ್ಚಿನವರ ಗಮನ ಹೋಗುವುದಿಲ್ಲ. ಅದು ಒಂದು ಮೇಜು. ಅದರ ಮೇಲೆ ರೊಟ್ಟಿಗಳಿರಬೇಕಿತ್ತು, ಇಲ್ಲ.

ದೇವಾಲಯದ ಒಳಮನೆಯಲ್ಲಿ ಚಿನ್ನದ ಮೇಜು, ಅದರ ಮೇಲೆ ಹನ್ನೆರಡು ಗೋಧಿ ರೊಟ್ಟಿ, ವಾರಕ್ಕೊಮ್ಮೆ ಹಳೆಯದನ್ನು ತೆಗೆದು ಹೊಸದನ್ನು ಇಡುವುದು. ವಿಧಿಯಾಗಿ ನೋಡಿದರೆ ಇಷ್ಟೇ. ಆದರೆ ಈ ರೊಟ್ಟಿ ಯಾರಿಗಾಗಿ? ದೇವರು ಅದನ್ನು ಉಣ್ಣುತ್ತಾನೆಯೇ? ಹಸಿದವನೊಬ್ಬ ಬಂದು ಕೇಳಿದರೆ ಅದನ್ನು ಅವನ ಕೈಗೆ ಕೊಡಬಹುದೇ? ಪ್ರಾಚೀನ ಇಸ್ರಾಯೇಲ್ಯರ ಆರಾಧನೆಯ ಒಳತಿರುಳು ಈ ಮೂರು ಪ್ರಶ್ನೆಗಳಲ್ಲಿದೆ.

ಮೊದಲು ವಿಧಿಯ ವಿವರ. ಹಳೆಯ ಒಡಂಬಡಿಕೆಯ ವಿಮೋಚನಕಾಂಡದ ಪ್ರಕಾರ ಮೇಜು ಜಾಲೀಮರದ್ದು. ಎರಡು ಮೊಳ ಉದ್ದ, ಒಂದು ಮೊಳ ಅಗಲ, ಒಂದೂವರೆ ಮೊಳ ಎತ್ತರ. ಮೇಲೆ ಚೊಕ್ಕ ಚಿನ್ನದ ತಗಡು. ಹೊತ್ತೊಯ್ಯಲು ನಾಲ್ಕು ಬಳೆ, ಎರಡು ಕೋಲು. ದೇವರ ಗುಡಾರದ ಮೊದಲ ಕೋಣೆಯಲ್ಲಿ, ಉತ್ತರದ ಮಗ್ಗುಲಲ್ಲಿ ಅದರ ಸ್ಥಾನ. ಎದುರಿಗೆ ದಕ್ಷಿಣದಲ್ಲಿ ದೀಪಸ್ತಂಭ. ರೊಟ್ಟಿಯ ವಿಧಿ ಯಾಜಕಕಾಂಡದ 24ನೆಯ ಅಧ್ಯಾಯದಲ್ಲಿದೆ. ನಯವಾದ ಗೋಧಿ ಹಿಟ್ಟಿನ ಹನ್ನೆರಡು ರೊಟ್ಟಿ. ಪ್ರತಿಯೊಂದಕ್ಕೂ ಏಫಾ ಎಂಬ ಅಳತೆಯ ಹತ್ತರಲ್ಲಿ ಎರಡು ಪಾಲು, ಅಂದರೆ ಸುಮಾರು ನಾಲ್ಕು ಲೀಟರಿನಷ್ಟು ಹಿಟ್ಟು. ಒಬ್ಬನ ಒಪ್ಪೊತ್ತಿನ ಊಟಕ್ಕೆ ಎಷ್ಟೋ ಪಾಲು ಮಿಕ್ಕಿದ, ಒಂದು ಮನೆಗೇ ಸಾಲುವಂಥ ರೊಟ್ಟಿ ಅದು. ಆರಾರರಂತೆ ಎರಡು ಸಾಲು. ಸಾಲಿಗೊಂದರಂತೆ ಶುದ್ಧ ಸಾಂಬ್ರಾಣಿ. ಪ್ರತಿ ಸಬ್ಬತ್ ದಿನ, ಅಂದರೆ ಯೆಹೂದ್ಯರ ವಿಶ್ರಾಂತಿಯ ದಿನವಾದ ಶನಿವಾರ, ಹೊಸ ರೊಟ್ಟಿ ಇಡಬೇಕು. ತೆಗೆದ ರೊಟ್ಟಿಯನ್ನು ಆರೋನನ ವಂಶದ ಯಾಜಕರು ಪವಿತ್ರ ಸ್ಥಳದಲ್ಲಿಯೇ ಕುಳಿತು ತಿನ್ನಬೇಕು.

ಇಲ್ಲೊಂದು ಅಂಶವನ್ನು ಗಮನಿಸಬೇಕು. ಬೆಂಕಿಗೆ ಹೋಗುವುದು ಸಾಂಬ್ರಾಣಿ ಮಾತ್ರ. ಉಳಿದ ಧಾನ್ಯ ಕಾಣಿಕೆಗಳಲ್ಲಿ ಹಿಟ್ಟಿನ ಒಂದು ಹಿಡಿಯನ್ನಾದರೂ ಬಲಿಪೀಠದ ಮೇಲೆ ಸುಡುವ ಪದ್ಧತಿ ಇತ್ತು. ಈ ರೊಟ್ಟಿಯ ಒಂದು ಚೂರೂ ಸುಡುವುದಿಲ್ಲ. ಏಳು ದಿನ ದೇವರ ಮುಂದೆ ಇದ್ದು, ಎಂಟನೆಯ ದಿನ ಇಡಿಯಾಗಿ ಮನುಷ್ಯರ ಹೊಟ್ಟೆ ಸೇರುತ್ತದೆ.

ನಮ್ಮ ಕಿವಿಗೆ ಇದು ನೈವೇದ್ಯದಂತೆ ಕೇಳುತ್ತದೆ. ಹೋಲಿಕೆ ತಪ್ಪಲ್ಲ, ಆದರೆ ಪೂರ್ತಿ ಸರಿಯೂ ಅಲ್ಲ. ಇಸ್ರಾಯೇಲ್ಯರ ನೆರೆಹೊರೆಯಲ್ಲಿ ದೇವರಿಗೆ ಊಟ ಬಡಿಸುವ ಪದ್ಧತಿ ಬಹಳ ಹಿಂದಿನಿಂದಲೂ ಇತ್ತು. ಇಂದಿನ ಇರಾಕಿನಲ್ಲಿರುವ ಉರುಕ್ ನಗರದ, ಗ್ರೀಕ್ ದೊರೆಗಳ ಕಾಲದ ಮಣ್ಣಿನ ಫಲಕವೊಂದರಲ್ಲಿ ದೇವರ ದಿನಚರಿ ಬರೆದಿದೆ. ಬೆಳಿಗ್ಗೆ ಒಂದು ದೊಡ್ಡ ಊಟ, ಒಂದು ಚಿಕ್ಕ ಊಟ. ಸಂಜೆ ಮತ್ತೆ ಒಂದು ದೊಡ್ಡದು, ಒಂದು ಚಿಕ್ಕದು. ರೊಟ್ಟಿ, ಮಾಂಸ, ಬಿಯರು, ಖರ್ಜೂರ ಎಲ್ಲದಕ್ಕೂ ಲೆಕ್ಕವಿದೆ. ಅಲ್ಲಿ ದೇವಾಲಯ ಎಂದರೆ ದೇವರ ಮನೆ. ಮನೆ ಎಂದ ಮೇಲೆ ಅಡುಗೆಮನೆ ಬೇಕೇಬೇಕು.

ಇಸ್ರಾಯೇಲ್ಯರ ಮೇಜಿನಲ್ಲಿಯೂ ಈ ಹಳೆಯ ಕಲ್ಪನೆಯ ಗುರುತು ಇಲ್ಲದಿಲ್ಲ. ಮೇಜಿನ ಜೊತೆಗೆ ಚಿನ್ನದ ತಟ್ಟೆ, ಬಟ್ಟಲು, ಹೂಜಿಗಳಿದ್ದವು. ಆದರೆ ದೇವರು ಉಣ್ಣುತ್ತಾನೆ ಎಂಬ ಮಾತನ್ನು ಅವರ ಗ್ರಂಥಗಳು ಒಪ್ಪುವುದಿಲ್ಲ. ಐವತ್ತನೆಯ ಕೀರ್ತನೆಯಲ್ಲಿ ದೇವರೇ ಆ ಕಲ್ಪನೆಯನ್ನು ಚುಚ್ಚಿ ಮಾತನಾಡುತ್ತಾನೆ. ಕಾಡಿನ ಮೃಗವೆಲ್ಲ ತನ್ನದೇ ಆಗಿರುವಾಗ ಊಟಕ್ಕಾಗಿ ಭಕ್ತರ ದಾರಿ ಕಾಯುವ ಗತಿ ಅವನಿಗಿಲ್ಲ. ದಾನಿಯೇಲನ ಗ್ರಂಥದ ಗ್ರೀಕ್ ಪಾಠದಲ್ಲಿ ಒಂದು ತಮಾಷೆಯ ಕಥೆಯಿದೆ. ಬಾಬಿಲೋನಿನ ಬೇಲ್ ದೇವರು ದಿನವೂ ಹನ್ನೆರಡು ಅಳತೆ ಹಿಟ್ಟು, ನಲವತ್ತು ಕುರಿ ತಿಂದು ಮುಗಿಸುತ್ತಾನೆಂದು ರಾಜ ನಂಬಿದ್ದ. ದಾನಿಯೇಲ ರಾತ್ರಿ ಗುಡಿಯ ನೆಲಕ್ಕೆ ಬೂದಿ ಎರಚಿ ಬಾಗಿಲು ಮುದ್ರೆ ಹಾಕಿಸಿದ. ಬೆಳಗಾಗುವಾಗ ಬೂದಿಯ ಮೇಲೆ ಪೂಜಾರಿಗಳ, ಅವರ ಹೆಂಡಿರು ಮಕ್ಕಳ ಹೆಜ್ಜೆಗುರುತು! ಗುಟ್ಟಿನ ಬಾಗಿಲೊಂದರಿಂದ ಬಂದು ಉಂಡು ಹೋದವರು ಅವರೇ. ಜೆರುಸಲೇಮಿನಲ್ಲಿ ಆ ಗುಟ್ಟಿನ ಅಗತ್ಯವೇ ಇರಲಿಲ್ಲ. ತಿನ್ನುವವರು ಯಾಜಕರು ಎಂದು ಧರ್ಮಶಾಸ್ತ್ರವೇ ಬರೆದಿಟ್ಟಿತ್ತು.

ಹಾಗಾದರೆ ರೊಟ್ಟಿ ಅಲ್ಲಿ ಏಕಿತ್ತು? ಉತ್ತರ ಅದರ ಹೆಸರಿನಲ್ಲಿದೆ. ಹೀಬ್ರೂ ಭಾಷೆಯಲ್ಲಿ ಅದು ‘ಲೆಹೆಮ್ ಹಪ್ಪಾನೀಮ್’. ಲೆಹೆಮ್ ಎಂದರೆ ರೊಟ್ಟಿ, ಪಾನೀಮ್ ಎಂದರೆ ಮುಖ. ಮುಖದ ರೊಟ್ಟಿ, ಮುಖದೆದುರಿನ ರೊಟ್ಟಿ. ಕನ್ನಡದಲ್ಲಿ ‘ಸನ್ನಿಧಿಯ ರೊಟ್ಟಿ’ ಎಂದರೆ ಅರ್ಥ ಹತ್ತಿರ ಬರುತ್ತದೆ. ರಾಜನ ಮುಖ ಕಾಣುವವರು ಎಂದರೆ ಆ ಕಾಲದ ಮಾತಿನಲ್ಲಿ ರಾಜನ ಆಪ್ತರು. ಅದೇ ರೊಟ್ಟಿಗೆ ‘ನಿತ್ಯದ ರೊಟ್ಟಿ’ ಎಂಬ ಇನ್ನೊಂದು ಹೆಸರೂ ಇದೆ. ‘ನಿತ್ಯ’ ಎಂಬರ್ಥದ ಅದೇ ಹೀಬ್ರೂ ಶಬ್ದ, ‘ತಾಮೀದ್’, ಬೇರೊಂದು ಕಥೆಯಲ್ಲಿ ಬರುತ್ತದೆ. ದಾವೀದನು ರಾಜನಾದ ಮೇಲೆ, ತನ್ನ ಗೆಳೆಯ ಯೋನಾತಾನನ ಕುಂಟ ಮಗ ಮೆಫೀಬೋಶೆತನನ್ನು ಕರೆಸಿ, ಇನ್ನು ಮುಂದೆ ನಿತ್ಯವೂ ತನ್ನ ಮೇಜಿನಲ್ಲಿ ರೊಟ್ಟಿ ತಿನ್ನಬೇಕೆಂದು ಹೇಳುತ್ತಾನೆ. ಅನ್ನವನ್ನಷ್ಟೇ ಕೊಡುವುದು ಅವನ ಉದ್ದೇಶವಲ್ಲ. ಅಳಿದುಹೋದ ಮನೆತನದ ಆ ಹುಡುಗ ಇನ್ನು ರಾಜನ ರಕ್ಷಣೆಯಲ್ಲಿದ್ದಾನೆ ಎಂದು ಎಲ್ಲರೆದುರು ತೋರಿಸುವ ಕ್ರಮ ಅದು.

ಹನ್ನೆರಡು ರೊಟ್ಟಿಯ ಅರ್ಥವೂ ಈ ದಾರಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಇಸ್ರಾಯೇಲಿನ ಕುಲಗಳು ಹನ್ನೆರಡು. ಯಾಜಕಕಾಂಡ ಈ ರೊಟ್ಟಿಯನ್ನು ಶಾಶ್ವತ ಒಡಂಬಡಿಕೆ ಎಂದು ಕರೆಯುತ್ತದೆ. ಹೊಲದಲ್ಲಿ ಉತ್ತು ಬಿತ್ತಿ, ಕುಯ್ದು, ಬೀಸಿ, ನಾದಿ, ಸುಟ್ಟ ರೊಟ್ಟಿಯ ರೂಪದಲ್ಲಿ ಜನರೇ ದೇವರ ಮುಖದೆದುರು ಕುಳಿತಿದ್ದಾರೆ. ಸಾಮಾನ್ಯ ರೈತನಿಗೆ ಆ ಕೋಣೆಯೊಳಗೆ ಕಾಲಿಡುವ ಹಕ್ಕಿರಲಿಲ್ಲ. ಅವನ ದುಡಿಮೆಯ ಗೋಧಿಗೆ ಆ ಹಕ್ಕಿತ್ತು. ಹಬ್ಬಗಳಲ್ಲಿ ಯಾತ್ರಿಕರು ನೆರೆದಾಗ ಯಾಜಕರು ಮೇಜನ್ನೇ ಎತ್ತಿ ರೊಟ್ಟಿಗಳನ್ನು ತೋರಿಸಿ, ದೇವರಿಗೆ ನೀವು ಎಷ್ಟು ಪ್ರಿಯರು ನೋಡಿ ಎನ್ನುತ್ತಿದ್ದರೆಂದು ತಾಲ್ಮುದ್ ಹೇಳುತ್ತದೆ.

ಈ ಸನ್ನಿಧಿ ಒಂದು ಗಳಿಗೆಯೂ ಬರಿದಾಗಬಾರದು ಎಂಬ ಕಾಳಜಿ ಎಷ್ಟಿತ್ತೆಂಬುದನ್ನು ಕ್ರಿ.ಶ. 200ರ ಸುಮಾರಿಗೆ ಸಂಗ್ರಹವಾದ ಮಿಶ್ನಾ ಗ್ರಂಥ ವಿವರವಾಗಿ ಹೇಳುತ್ತದೆ. ಹಿಟ್ಟನ್ನು ಹನ್ನೊಂದು ಜರಡಿಗಳಲ್ಲಿ ಜರಡಿ ಹಿಡಿಯುತ್ತಿದ್ದರು. ಹಿಟ್ಟಿಗೆ ಒಂದು ಅಚ್ಚು, ಒಲೆಯಲ್ಲಿ ಒಂದು ಅಚ್ಚು, ಹೊರತೆಗೆದ ಮೇಲೆ ಮುರಿಯದಿರಲೆಂದು ಮತ್ತೊಂದು ಅಚ್ಚು. ರೊಟ್ಟಿಗಳ ನಡುವೆ ಗಾಳಿಯಾಡಿ ಬೂಸಲು ಬಾರದಿರಲು ಚಿನ್ನದ ಸೀಳುಕೊಳವೆಗಳು. ಸಬ್ಬತ್ ದಿನ ನಾಲ್ವರು ಹೊಸ ರೊಟ್ಟಿ ಮತ್ತು ಸಾಂಬ್ರಾಣಿಯ ಬಟ್ಟಲು ಹಿಡಿದು ಒಳಗೆ ಬರುತ್ತಾರೆ. ಅವರಿಗಿಂತ ಮುಂಚೆ ಬಂದ ನಾಲ್ವರು ಹಳೆಯದನ್ನು ತೆಗೆಯಲು ಸಿದ್ಧರಾಗಿ ನಿಂತಿರುತ್ತಾರೆ. ಇವರು ಎಳೆದಷ್ಟೂ ಅವರು ಇಡುತ್ತಾರೆ; ಒಬ್ಬನ ಅಂಗೈ ಸರಿದಲ್ಲಿ ಇನ್ನೊಬ್ಬನ ಅಂಗೈ.

ರೊಟ್ಟಿ ಮಾಡುವ ವಿದ್ಯೆ ಗರ್ಮು ಎಂಬ ಮನೆತನದ ಸೊತ್ತಾಗಿತ್ತು. ಅವರು ಅದನ್ನು ಹೊರಗಿನವರಿಗೆ ಕಲಿಸಲು ಒಪ್ಪಲಿಲ್ಲ. ಸಿಟ್ಟಾದ ಹಿರಿಯರು ಅಲೆಕ್ಸಾಂಡ್ರಿಯದಿಂದ ಕುಶಲರನ್ನು ಕರೆಸಿದರು. ಬಂದವರಿಗೆ ರೊಟ್ಟಿ ಸುಡುವುದು ಗೊತ್ತು, ಆದರೆ ಒಲೆಯಿಂದ ಹೊರತೆಗೆಯುವ ಜಾಣ್ಮೆ ತಿಳಿಯದು; ಅವರ ರೊಟ್ಟಿಗೆ ಬೂಸಲು ಬಂತು. ಕೊನೆಗೆ ಇಮ್ಮಡಿ ಸಂಬಳ ಕೊಟ್ಟು ಗರ್ಮು ಮನೆಯವರನ್ನೇ ಮರಳಿ ಕರೆಯಬೇಕಾಯಿತು. ಏಕೆ ಕಲಿಸುವುದಿಲ್ಲ ಎಂದು ಕೇಳಿದಾಗ, ಮುಂದೊಂದು ದಿನ ಈ ದೇವಾಲಯ ಅಳಿಯಬಹುದು, ಆಗ ಈ ವಿದ್ಯೆ ವಿಗ್ರಹಾರಾಧಕರ ಕೈ ಸೇರಬಾರದು ಎಂದರಂತೆ. ಅವರ ಮಕ್ಕಳ ಕೈಯಲ್ಲಿ ಬಿಳಿ ಗೋಧಿ ರೊಟ್ಟಿಯನ್ನು ಯಾರೂ ಎಂದೂ ಕಂಡಿರಲಿಲ್ಲ. ಪವಿತ್ರ ಹಿಟ್ಟಿನಲ್ಲಿ ಕೈಯಾಡಿಸಿದರು ಎಂಬ ಅನುಮಾನ ಬರಬಾರದೆಂಬ ಎಚ್ಚರ ಅವರಿಗಿತ್ತು.

ಯಾಜಕರೆಲ್ಲರೂ ಅಷ್ಟು ಸಂಯಮಿಗಳಾಗಿರಲಿಲ್ಲ. ಒಳ್ಳೆಯ ಕಾಲದಲ್ಲಿ ಆಲಿವ್ ಕಾಯಿಯಷ್ಟು ಚೂರು ತಿಂದರೂ ತೃಪ್ತಿಯಾಗುತ್ತಿತ್ತು. ಕಾಲ ಕೆಟ್ಟ ಮೇಲೆ ಒಬ್ಬೊಬ್ಬರಿಗೆ ಅವರೆಕಾಳಿನಷ್ಟು ಬಂದಾಗ ಮರ್ಯಾದಸ್ಥರು ಕೈ ಹಿಂದೆಳೆದರು, ಹೊಟ್ಟೆಬಾಕರು ಕಸಿದು ತಿಂದರು ಎಂದು ತಾಲ್ಮುದ್ ಮುಚ್ಚುಮರೆಯಿಲ್ಲದೆ ಬರೆಯುತ್ತದೆ.

ಈಗ ಮೂರನೆಯ, ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಹಸಿದವನು ಬಂದರೆ? ಸಮುವೇಲನ ಮೊದಲನೆಯ ಗ್ರಂಥದಲ್ಲಿ ಆ ಕಥೆಯಿದೆ. ರಾಜ ಸೌಲನ ಕೋಪಕ್ಕೆ ಗುರಿಯಾಗಿ, ಇನ್ನೂ ರಾಜನಾಗಿರದ ದಾವೀದ ಓಡಿಹೋಗುತ್ತಿದ್ದಾನೆ. ಕೈಯಲ್ಲಿ ಆಯುಧವಿಲ್ಲ, ಬುತ್ತಿಯಿಲ್ಲ. ಯಾಜಕರ ಊರಾದ ನೋಬ್‌ಗೆ ಬಂದು, ರಾಜಕಾರ್ಯದ ಮೇಲೆ ಹೊರಟಿದ್ದೇನೆಂದು ಸುಳ್ಳು ಹೇಳಿ ಐದು ರೊಟ್ಟಿ ಕೇಳುತ್ತಾನೆ. ಯಾಜಕ ಅಹೀಮೆಲೆಕನ ಬಳಿ ಸಾಮಾನ್ಯ ರೊಟ್ಟಿಯಿಲ್ಲ. ಬಿಸಿ ರೊಟ್ಟಿ ಇಡಲೆಂದು ದೇವರ ಮುಂದಿನಿಂದ ತೆಗೆದ ಪವಿತ್ರ ರೊಟ್ಟಿ ಮಾತ್ರ ಇದೆ. ಆಳುಗಳು ಮಡಿಯಲ್ಲಿದ್ದಾರೆಯೇ ಎಂದು ಒಂದೇ ಮಾತು ಕೇಳಿ, ಆತ ಅದನ್ನು ಕೊಟ್ಟುಬಿಡುತ್ತಾನೆ.

ಅದನ್ನು ನೋಡುತ್ತ ನಿಂತವನೊಬ್ಬನಿದ್ದ: ಸೌಲನ ಸೇವಕ, ಎದೋಮ್ಯನಾದ ದೋಯೇಗ. ಅವನು ಚಾಡಿ ಹೇಳಿದ. ಸೌಲ ಯಾಜಕರನ್ನು ಕರೆಸಿ ಕೊಲ್ಲಲು ಆಜ್ಞೆ ಮಾಡಿದಾಗ ಅವನ ಕಾವಲಿನವರೇ ಕೈಯೆತ್ತಲಿಲ್ಲ. ದೋಯೇಗನೇ ಕತ್ತಿ ಹಿಡಿದ. ಅಂದು ಸತ್ತ ಯಾಜಕರು 85 ಮಂದಿ. ನೋಬ್ ಊರಿನ ಗಂಡಸರು, ಹೆಂಗಸರು, ಮೊಲೆಗೂಸುಗಳೂ ಉಳಿಯಲಿಲ್ಲ. ತಪ್ಪಿಸಿಕೊಂಡು ಬಂದ ಯಾಜಕನ ಮಗನೆದುರು ದಾವೀದ, ನಿನ್ನ ಮನೆಯವರ ಸಾವಿಗೆ ತಾನೇ ಕಾರಣನಾದೆನೆಂದು ಒಪ್ಪಿಕೊಳ್ಳುತ್ತಾನೆ.

ಗಮನಿಸಿ: ಸೌಲನ ಆರೋಪ ಶಾಸ್ತ್ರ ಮೀರಿದರು ಎಂಬುದಲ್ಲ, ತನ್ನ ಶತ್ರುವಿಗೆ ರೊಟ್ಟಿಯನ್ನೂ ಕತ್ತಿಯನ್ನೂ ಕೊಟ್ಟರು ಎಂಬುದು. ಯಾಜಕ ರೊಟ್ಟಿ ಕೊಟ್ಟದ್ದು ತಪ್ಪೆಂದು ಇಡೀ ಕಥೆಯಲ್ಲಿ ಎಲ್ಲಿಯೂ ಹೇಳಿಲ್ಲ. ಶತಮಾನಗಳ ಬಳಿಕ, ಸಬ್ಬತ್ ದಿನ ತೆನೆ ಕಿತ್ತು ತಿಂದ ಹಸಿದ ಶಿಷ್ಯರ ಪರವಾಗಿ ಮಾತನಾಡುವಾಗ ಯೇಸು ಇದೇ ಪ್ರಸಂಗವನ್ನು ನೆನಪಿಸಿದ. ಜೀವ ಉಳಿಸಲು ಸಬ್ಬತ್ತಿನ ನಿಯಮವನ್ನು ಬದಿಗಿಡಬಹುದು ಎಂಬುದು ಯೆಹೂದಿ ರಬ್ಬಿಗಳ ತೀರ್ಮಾನವೂ ಆಯಿತು.

ಮೇಜಿನ ಮುಂದಿನ ಚರಿತ್ರೆಯನ್ನು ಚುಟುಕಾಗಿ ಹೇಳಬಹುದು. ಕ್ರಿ.ಪೂ. 169ರಲ್ಲಿ ಸಿರಿಯದ ದೊರೆ ನಾಲ್ಕನೆಯ ಆಂಟಿಯೋಕಸ್ ಅದನ್ನು ದೋಚಿದ. 164ರಲ್ಲಿ ಯೂದ ಮಕ್ಕಬಿಯ ಹೊಸ ಮೇಜು ಮಾಡಿಸಿ ಮತ್ತೆ ರೊಟ್ಟಿ ಇಡಿಸಿದ. ಕ್ರಿ.ಪೂ. 40ರಿಂದ 37ರವರೆಗೆ ಆಳಿದ, ಹಸ್ಮೋನಿಯ ಮನೆತನದ ಕೊನೆಯ ದೊರೆ ಆಂಟಿಗೋನಸ್, ರೋಮ್ ಮತ್ತು ಹೆರೋದನ ಎದುರು ಸೋಲುತ್ತಿದ್ದ ದಿನಗಳಲ್ಲಿ ತನ್ನ ಪುಟ್ಟ ಕಂಚಿನ ನಾಣ್ಯದ ಒಂದು ಮೈಯಲ್ಲಿ ದೀಪಸ್ತಂಭವನ್ನೂ ಇನ್ನೊಂದರಲ್ಲಿ ಈ ಮೇಜನ್ನೂ ಅಚ್ಚು ಹಾಕಿಸಿದ. ಕ್ರಿ.ಶ. 70ರಲ್ಲಿ ದೇವಾಲಯ ಉರಿದುಹೋಯಿತು. ಮೇಜು ರೋಮಿಗೆ ಹೋಯಿತು. ಗರ್ಮು ಮನೆಯವರ ವಿದ್ಯೆ ಅವರೊಂದಿಗೇ ಮುಗಿಯಿತು.

ಅರ್ಥ ಮಾತ್ರ ಮುಗಿಯಲಿಲ್ಲ. ಅದು ಮನೆಗಳಿಗೆ ಸ್ಥಳಾಂತರವಾಯಿತು. ದೇವಾಲಯವಿದ್ದಾಗ ಪಾಪ ಪರಿಹಾರ ಬಲಿಪೀಠದಿಂದ ಆಗುತ್ತಿತ್ತು, ಈಗ ಮನುಷ್ಯನ ಊಟದ ಮೇಜಿನಿಂದ ಆಗುತ್ತದೆ ಎಂದು ತಾಲ್ಮುದಿನ ಗುರುಗಳು ಕಲಿಸಿದರು. ಸಬ್ಬತ್ ಊಟಕ್ಕೆ ಹನ್ನೆರಡು ರೊಟ್ಟಿ ಇಡುವ ಪದ್ಧತಿ ಕೆಲವು ಹಸಿದಿ ಮನೆತನಗಳಲ್ಲಿ ಇಂದಿಗೂ ಇದೆ. ಅದೇ ತಾಲ್ಮುದಿನಲ್ಲಿ ಇನ್ನೊಂದು ಉಪದೇಶವಿದೆ: ಊಟಕ್ಕೆ ಕುಳಿತವನು ಬೇಗ ಏಳಬಾರದು, ಕುಳಿತಷ್ಟು ಹೊತ್ತೂ ಒಳ್ಳೆಯದು. ಕಾರಣವನ್ನೂ ಅಲ್ಲೇ ಕೊಟ್ಟಿದೆ. ಅಷ್ಟರೊಳಗೆ ಬಡವನೊಬ್ಬ ಬಾಗಿಲಿಗೆ ಬರಬಹುದು. ಮೇಜಿನ ಮೇಲೆ ಇನ್ನೂ ರೊಟ್ಟಿಯಿದ್ದರೆ ಅವನಿಗೆ ಕೊಡಬಹುದು.