ಮನೆಯಲ್ಲಿ ಚಕ್ಕಾ ತಯಾರಿಕೆ ಮತ್ತು ನಮ್ಮ ಸಂಘದ ಕೆಲಸ

(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಎಸ್ಸೆಸ್ಸೆಲ್ಸಿ ತನಕ ಓದಿ ಒಕ್ಕಲುತನಕ್ಕೆ ನಿಂತವರು. ದೊಡ್ಡ ಭಾಷಣ ನಮಗೆ ಬರೂದಿಲ್ಲ. ದನ ಕಟ್ಟಿದ ಮನಿಯವರಿಗೆಲ್ಲ ಗೊತ್ತಿರುವ ಚಕ್ಕಾದ ಬಗ್ಗೆ ನಾಲ್ಕು ಮಾತು ಹೇಳುತ್ತೇವೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದರೆ ಉಳಿಯುವ ಮೆತ್ತನೆಯ ಗಟ್ಟಿಯೇ ಚಕ್ಕಾ. ಪನೀರಿಗೆ ಕಾಯುವ ಹಾಲನ್ನು ನಿಂಬೆಹುಳಿ ಹಾಕಿ ಒಡೆಸಬೇಕು. ಚಕ್ಕಾಕ್ಕೆ ಹೆಪ್ಪು ಒಂದೇ ಸಾಕು.

ಇದು ನಮ್ಮ ನೆಲಕ್ಕೆ ಹಳೆಯ ವಿದ್ಯೆ. ನಮ್ಮ ಜಿಲ್ಲೆಯ ಕಲ್ಯಾಣದಿಂದ ರಾಜ್ಯ ಆಳಿದ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಗ್ರಂಥದಲ್ಲಿ ಮೊಸರಿಗೆ ಸಕ್ಕರೆ ಕೂಡಿಸಿ ಮಾಡುವ ‘ಶಿಖರಿಣಿ’ಯ ಮಾತು ಬರುತ್ತದೆ. ಗಡಿಯಾಚೆ ಉದಗೀರ, ಲಾತೂರ ಕಡೆ ಪಾಡ್ಯದ ಹಬ್ಬಕ್ಕೆ ಚಕ್ಕಾದಿಂದ ಶ್ರೀಖಂಡ ಮಾಡುತ್ತಾರೆ. ಆ ರುಚಿ ನಮ್ಮ ಮನೆಗಳಿಗೂ ಹೊಸದಲ್ಲ. ದೂರದ ಅಫಘಾನಿಸ್ತಾನದಲ್ಲೂ ನೀರು ಬಸಿದ ಮೊಸರಿಗೆ ಚಕ್ಕಾ ಅಂತಲೇ ಅನ್ನುತ್ತಾರೆ. ಲೆಬನಾನ್ ಕಡೆ ಇದಕ್ಕೆ ‘ಲಬ್ನೆ’ ಅಂತ ಹೆಸರು. ಅವರು ಉಪ್ಪು ಬೆರೆಸಿ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಾರೆ. ಶಹರದ ಅಂಗಡಿಗಳಲ್ಲಿ ಗ್ರೀಕ್ ಮೊಸರು ಅಂತ ಡಬ್ಬಿಯಲ್ಲಿ ಮಾರುವುದೂ ಇದೇ ಜಾತಿಯದು.

ಈಗ ಮಾಡುವ ರೀತಿ. ಹಾಲನ್ನು ಚೆನ್ನಾಗಿ ಕಾಯಿಸಿ, ಬೆರಳು ಅದ್ದಿದರೆ ತಾಳುವಷ್ಟು ಬೆಚ್ಚಗಾದ ಮ್ಯಾಲ ಲೀಟರಿಗೆ ಒಂದು ಚಮಚ ಹೆಪ್ಪು ಹಾಕಬೇಕು. ಹೆಪ್ಪು ಹುಳಿಯಾಗಿದ್ದರೆ ಚಕ್ಕಾನೂ ಹುಳಿಯೇ. ಬ್ಯಾಸಗಿಯಲ್ಲಿ 5-6 ತಾಸಿಗೆ, ಚಳಿಯಲ್ಲಿ ರಾತ್ರಿ ಬೆಳತನಕ ಮೊಸರು ಕೂಡುತ್ತದೆ. ಕುದಿಯುವ ನೀರಿನಲ್ಲಿ ಹಾಕಿ ತೆಗೆದ, ತೆಳ್ಳನೆಯ ಮಲ್ಲಿನ ಬಟ್ಟೆಯನ್ನು ಎರಡು ಪದರು ಮಾಡಿ, ಮೊಸರು ಸುರಿದು, ಗಂಟು ಕಟ್ಟಿ ತೂಗು ಹಾಕಬೇಕು. ಕೆಳಗೊಂದು ಪಾತೇಲಿ ಇರಲಿ. ಎರಡು ತಾಸಿಗೆ ಗಟ್ಟಿ ಮೊಸರು. 7-8 ತಾಸಿಗೆ ಚಕ್ಕಾ. ಅಂಚಿನದು ಬೇಗ ಗಟ್ಟಿಯಾಗಿ ನಡುವಿನದು ಹಸಿಯಾಗಿಯೇ ಉಳಿಯುತ್ತದೆ. ಅದಕ್ಕೆ ನಡುವೆ ಒಮ್ಮೆ ಗಂಟು ಬಿಚ್ಚಿ ಚಮಚದಿಂದ ತಿರುವಬೇಕು. ಅವಸರ ಮಾಡಿ ಹಿಂಡಬ್ಯಾಡ್ರಿ. ಹಿಂಡಿದರೆ ನೀರಿನ ಕೂಡ ಜಿಡ್ಡೂ ಹೋಗುತ್ತದೆ.

ಶ್ರೀಖಂಡ ಬೇಕಾದವರು ಹೆಚ್ಚುಕಡಿಮೆ ಚಕ್ಕಾದ ತೂಕದಷ್ಟೇ ಸಕ್ಕರೆ, ಯಾಲಕ್ಕಿ ಹಾಕಿ ಸೋಸಿಕೊಳ್ಳಲಿ. ಸಿಹಿ ಒಲ್ಲದವರು ಉಪ್ಪು, ಹಸಿ ಮೆಣಸಿನಕಾಯಿ, ಬಳ್ಳೊಳ್ಳಿ ಜಜ್ಜಿ ಬೆರೆಸಿ ಬಿಸಿ ಜೋಳದ ರೊಟ್ಟಿಗೆ ಹಚ್ಚಿ ನೋಡ್ರಿ. ಬಸಿದ ಹುಳಿ ನೀರನ್ನು ಚೆಲ್ಲಬ್ಯಾಡ್ರಿ. ಅದರೊಳಗೂ ಹಾಲಿನ ಸತ್ವ ಇರುತ್ತದೆ. ಹಿಟ್ಟು ನಾದಲಿಕ್ಕೆ, ಸಾರಿಗೆ, ಕಡೆಗೆ ದನಗಳ ಮುಸುರಿಗೆ ಅದು ಬರುತ್ತದೆ.

ಇನ್ನು ಲೆಕ್ಕ. 10 ಲೀಟರ್ ಹಾಲಿಗೆ ಸುಮಾರು 3 ಕಿಲೊ ಚಕ್ಕಾ ಬರುತ್ತದೆ. ಎಮ್ಮಿ ಹಾಲಾದರೆ ಸ್ವಲ್ಪ ಹೆಚ್ಚು, ಆಕಳ ಹಾಲಾದರೆ ಸ್ವಲ್ಪ ಕಡಿಮೆ. ಅಂದ್ರ ಒಂದು ಕಿಲೊ ಚಕ್ಕಾದೊಳಗೆ ಮೂರು ಲೀಟರಿಗಿಂತ ಹೆಚ್ಚು ಹಾಲು ಕುಂತಿದೆ. ಅದರ ಮ್ಯಾಲ ಉರುವಲು, ಹೆಣ್ಣುಮಕ್ಕಳ ದುಡಿಮೆ. ನಾಲ್ಕು ಲೀಟರ್ ಹಾಲಿನ ಬೆಲೆಗಿಂತ ಕಡಿಮೆಗೆ ಕೇಳುವವರಿಗೆ ಕೊಡುವ ಬದಲು ಹಾಲನ್ನೇ ಡೇರಿಗೆ ಹಾಕುವುದು ಲೇಸು. ಈ ಲೆಕ್ಕ ಬಾಯಿಪಾಠ ಇರಬೇಕು.

ನಮ್ಮ ಕಡೆಯ ದೇವಣಿ ಆಕಳು ಜೆರ್ಸಿ, ಎಚ್‌ಎಫ್ ಹಂಗ ಬಕೀಟು ತುಂಬಿಸುವುದಿಲ್ಲ. ಆದರೆ ಬಿಸಿಲು ತಾಳುತ್ತದೆ, ಕಣಿಕೆ ಮೇಯುತ್ತದೆ, ಅದರ ಹೋರಿ ನೇಗಿಲಿಗೆ ಬರುತ್ತದೆ. ಹಾಲು ಕಡಿಮೆ ಅಂತ ಅದನ್ನು ಸಂತಿಗೆ ಹೊಡೆಯುವವರು ಹೆಚ್ಚಾಗಿದ್ದಾರೆ. ಕಡಿಮೆ ಹಾಲಿಗೂ ತಕ್ಕ ಬೆಲೆ ಸಿಕ್ಕರೆ ದೇವಣಿ ಕೊಟ್ಟಿಗೆಯಲ್ಲಿ ಉಳಿಯುತ್ತದೆ.

ಎಚ್ಚರಿಕೆಯ ಮಾತೂ ಹೇಳಬೇಕು. ನಮ್ಮ ಬ್ಯಾಸಗಿಯಲ್ಲಿ ಚಕ್ಕಾ ಹೊರಗೆ ಇಟ್ಟರೆ ಒಂದು ದಿನವೂ ತಾಳುವುದಿಲ್ಲ. ಗಂಟು ರಾತ್ರಿಯ ತಂಪಿನಲ್ಲಿ ಇಲ್ಲವೇ ಫ್ರಿಜ್ಜಿನೊಳಗೆ ಬಸಿಯಬೇಕು. ಅದಕ್ಕೆ ಮೊದಲು ಆರ್ಡರ್, ಆಮ್ಯಾಲ ಹೆಪ್ಪು. ಮಾರುವವರು 2006ರ ಆಹಾರ ಸುರಕ್ಷತೆ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಬೇಕು. ಮನೆಯಲ್ಲಿ ಮಾಡಿದ್ದು ಅಂದರೂ ಬಿಡುವುದಿಲ್ಲ. ಮತ್ತೊಂದು, ಮನೆಯ ಮಕ್ಕಳ ಬಟ್ಟಲಿಗೆ ಹಾಲು ಹಾಕಿದ ಮ್ಯಾಲೆಯೇ ಮಾರಾಟದ ಮಾತು.

ಈಗ ಮುಖ್ಯ ವಿಷಯ. ಸೆಗಣಿ ಬಳಿಯುವವರು, ಮೇವು ಹಾಕುವವರು, ಹಾಲು ಹಿಂಡುವವರು, ಹೆಪ್ಪು ಹಾಕುವವರು ಯಾರು? ನಮ್ಮ ಅವ್ವಂದಿರು, ಅಕ್ಕ-ತಂಗಿಯರು. ಹಾಲಿನ ದುಡ್ಡು ಜಮಾ ಆಗುವ ಪಾಸಬುಕ್ಕು ಬಹಳ ಮನೆಗಳಲ್ಲಿ ಯಾರ ಹೆಸರಿಲೆ ಇದೆ? ನಮ್ಮಂಥ ಗಂಡಸರ ಹೆಸರಿಲೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ದುಡಿದವರ ಕೈಗೆ ದುಡ್ಡು ಸಿಗಲಿ, ಬಡ್ಡಿಯವರ ಕೈಗೆ ಹೋಗದಿರಲಿ ಅಂತ. ಆ ಮಾತು ಮನೆಯೊಳಗೂ ನಡೆಯಬೇಕಲ್ಲ?

ಆದ್ದರಿಂದ ಸಭೆಯ ಮುಂದೆ ಮೂರು ವಿನಂತಿ ಇಡುತ್ತೇವೆ. ಒಂದು, ಸಂಘದಿಂದ ಸ್ಟೀಲ್ ಪಾತೇಲಿ, ತಕ್ಕಡಿ, ಒಂದು ದೊಡ್ಡ ಫ್ರಿಜ್ ಕೊಳ್ಳಬೇಕು. ಬೇಕಾದವರು ಪಾಳಿ ಪ್ರಕಾರ ಬಳಸಲಿ. ಎರಡು, ಯುಗಾದಿ ಮತ್ತು ಲಗ್ನದ ಹಂಗಾಮಿಗೆ ಆರ್ಡರ್ ಪುಸ್ತಕ ಇಟ್ಟು, ಬೀದರ ಶಹರಕ್ಕೆ, ಭಾಲ್ಕಿ, ಔರಾದ ಪೇಟೆಗೆ ಒಂದೇ ಗಾಡಿಯಲ್ಲಿ ಮಾಲು ಕಳಿಸಬೇಕು. ಮೂರು, ಚಕ್ಕಾದ ಹಣ ಮಾಡಿದ ಹೆಣ್ಣುಮಗಳ ಖಾತೆಗೇ ನೇರವಾಗಿ ಜಮಾ ಆಗಬೇಕು, ಆಕೆಯನ್ನು ಸಂಘದ ಸದಸ್ಯಳನ್ನಾಗಿ ಮಾಡಿಕೊಳ್ಳಬೇಕು. ಮೊದಲ ಎರಡಕ್ಕೆ ರೊಕ್ಕ ಬೇಕು, ತಡವಾದರೂ ನಡೆದೀತು. ಮೂರನೆಯದಕ್ಕೆ ಒಂದು ಅರ್ಜಿ, ಒಂದು ಸಹಿ ಸಾಕು. ಅದನ್ನು ಈ ಬೆಳ್ಳಿ ಹಬ್ಬದ ವರ್ಷದಲ್ಲೇ ಮಾಡೋಣ.